ಗಡುವಿಲ್ಲದ ಮೂರನೇ ಬುಟ್ಟಿ

ನನ್ನ ಭಾವ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದ ಮೇಲೆ ಇನ್ನೂ ಎರಡು ಅಂಗಿ, ನಾಲ್ಕು ಕರ್ಚೀಫು ಇಸ್ತ್ರಿ ಮಾಡುವ ಮನುಷ್ಯ. ಲಾಂಡ್ರಿ ಅಂಗಡಿ ಇಟ್ಟಿರುವವಳು ನಾನು, ಇಪ್ಪತ್ತೆರಡು ವರ್ಷದಿಂದ ಆವಿಯಲ್ಲಿ ಬೇಯುತ್ತಿರುವವಳು ನಾನು, ಆದರೆ ಪಾಠ ಹೇಳಲು ಬರುತ್ತಿದ್ದವರು ಅವರು. "ಮೊದಲು ದಪ್ಪ ಹತ್ತಿ ಬಟ್ಟೆ ಮುಗಿಸು. ಆಮೇಲೆ ಸ್ವಿಚ್ ಆರಿಸು. ಇಳೀತಾ ಇರೋ ಬಿಸೀಲೇ ತೆಳು ಬಟ್ಟೆ ಆಗಿಹೋಗುತ್ತೆ. ಇರೋ ಬಿಸೀನ ಯಾಕಮ್ಮ ಹಾಳು ಮಾಡ್ತೀಯ?" ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ನನಗೆ ಮೈ ಉರಿಯುತ್ತಿದ್ದುದೂ ಅದಕ್ಕೇ.

ಅವರ ಬಗ್ಗೆ ಬರೆದಿಡಬೇಕು ಅಂತ ಕೂತಿರುವುದು ಪ್ರೀತಿಯಿಂದಲೋ ಸಿಟ್ಟಿನಿಂದಲೋ ನನಗೇ ಗೊತ್ತಿಲ್ಲ. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದಿದ್ದರೆ ನಾಲ್ಕು ಮಾತು ಬೈದು ನನ್ನ ಪಾಡಿಗೆ ನಾನು ಇರುತ್ತಿದ್ದೆ.

ನನ್ನ ಅಕ್ಕ ಶಾಲೆಯಲ್ಲಿ ಡ್ರಿಲ್ ಟೀಚರ್. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅವಳು ಮಾತಾಡುವಾಗ ವಾಕ್ಯ ಮುಗಿಯುವ ಮೊದಲೇ ಎದ್ದು ಹೊರಟಿರುತ್ತಿದ್ದಳು. ಅಂಥವಳಿಗೆ ಗಂಟುಬಿದ್ದವರು ಈ ಭಾವ. ಮದುವೆಯ ದಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಹನ್ನೊಂದು ಗಂಟೆಗೆ ಸಹಿ ಅಂತ ಹೇಳಿದ್ದರು. ನಾವು ಹತ್ತಕ್ಕೇ ಹೋಗಿ ಬೆಂಚು ಸವೆಸುತ್ತಿದ್ದೆವು. ಹತ್ತೂ ಐವತ್ತಾದರೂ ಗಂಡಿನ ಸುಳಿವಿಲ್ಲ. ಅಪ್ಪ ಗೇಟಿನ ತನಕ ಮೂರು ಸಲ ಹೋಗಿ ಬಂದರು. ಹನ್ನೊಂದು ಹೊಡೆಯುವುದಕ್ಕೂ ಭಾವ ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು. ಒಂದು ಹನಿ ಬೆವರಿಲ್ಲ. ಅಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದರೆ, "ಮುಂಚೆ ಬಂದು ಏನು ಮಾಡ್ಲಿ? ಕೂತು ಕಾಯಬೇಕಿತ್ತು ಅಷ್ಟೇ ತಾನೆ" ಅಂದರು. ಅವತ್ತೇ ಅಕ್ಕ ಅವರಿಗೆ 'ಗಡುವಪ್ಪ' ಅಂತ ಹೆಸರಿಟ್ಟಳು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಮನೆಯಲ್ಲಿ ಆ ಹೆಸರು ಉಳಿದುಕೊಂಡಿತ್ತು.

ಮಕ್ಕಳಾಗಲಿಲ್ಲ. ಇಬ್ಬರೂ ಅದನ್ನು ದೊಡ್ಡ ಕೊರಗು ಮಾಡಿಕೊಳ್ಳಲಿಲ್ಲ. ಅವಳಿಗೆ ಮೈದಾನದ ತುಂಬ ಮಕ್ಕಳಿದ್ದರು, ಅವರಿಗೆ ನೆಲಮಾಳಿಗೆಯ ತುಂಬ ಮಷಿನ್‌ಗಳಿದ್ದವು.

ಆ ನೆಲಮಾಳಿಗೆಯ ವಿಷಯ ಹೇಳಲೇಬೇಕು. ಭಾವ ದೊಡ್ಡ ಆಸ್ಪತ್ರೆಯ ಮಷಿನ್ ರೂಮಿನ ಉಸ್ತುವಾರಿ. ಮಷಿನ್ ಅಂದರೆ ಕಂಪ್ಯೂಟರುಗಳು, ಕಪಾಟಿನ ಹಾಗೆ ಎತ್ತರಕ್ಕೆ ಜೋಡಿಸಿದವು, ಆರು ಸಾಲು. ಮೇಲಿನ ಮಹಡಿಗಳಲ್ಲಿ ಜನರ ಎದೆ, ಹೊಟ್ಟೆ, ತಲೆಯ ಸ್ಕ್ಯಾನ್ ತೆಗೆದರೆ ಚಿತ್ರ ಇಳಿದು ಬರುವುದು ಇಲ್ಲಿಗೆ. ಕಂಪ್ಯೂಟರು ಚಿತ್ರವನ್ನು ಅಂಗುಲ ಅಂಗುಲ ಜಾಲಾಡಿ, ಅನುಮಾನ ಬಂದ ಕಡೆ ಕೆಂಪು ಗುರುತು ಹಾಕುತ್ತದೆ. ಡಾಕ್ಟರುಗಳು ಮೊದಲು ನೋಡುವುದು ಆ ಕೆಂಪು ಬಿದ್ದ ಚಿತ್ರಗಳನ್ನು. ಚಿತ್ರ ಸಾವಿರಾರು, ಡಾಕ್ಟರು ಬೆರಳೆಣಿಕೆ. ಬೇರೆ ದಾರಿ ಇರಲಿಲ್ಲ.

ಈ ಕಂಪ್ಯೂಟರುಗಳು ಕರೆಂಟು ಕುಡಿಯುತ್ತಿದ್ದ ಪರಿ ನೋಡಿ ಆಸ್ಪತ್ರೆ ಕಂಗಾಲಾಗಿತ್ತು. ಕಟ್ಟಡಕ್ಕೆ ಬರುವ ವಿದ್ಯುತ್ತಿಗೆ ಒಂದು ಮಿತಿ ಉಂಟು. ಒಂದು ಬೇಸಿಗೆಯಲ್ಲಿ ವಾರ್ಡುಗಳ ಏಸಿ ಎಲ್ಲ ಒಟ್ಟಿಗೆ ಓಡಿ, ಆಪರೇಷನ್ ಕೋಣೆಯ ದೀಪಗಳು ಎರಡು ಸಲ ಮಿಣುಕಿದವು. ಸೂಪರಿಂಟೆಂಡೆಂಟರು ಭಾವನನ್ನು ಕರೆಸಿ, ನಿಮ್ಮ ಕೋಣೆ ಇಷ್ಟರ ಮೇಲೆ ಎಳೆಯಕೂಡದು ಅಂತ ಗೆರೆ ಎಳೆದರು. ಬೇರೆಯವರಾಗಿದ್ದರೆ ಆಗಲ್ಲ ಸಾರ್ ಅಂತ ಕೈಚೆಲ್ಲುತ್ತಿದ್ದರು. ಭಾವ ಆಗುತ್ತೆ ಅಂದರು. ಅವರ ಹುಟ್ಟುಗುಣಕ್ಕೆ ಹೇಳಿ ಮಾಡಿಸಿದ ಕೆಲಸ ಕೊನೆಗೂ ಸಿಕ್ಕಿತ್ತು.

ನನಗೆ ಅರ್ಥವಾಗುವ ಹಾಗೆ ಒಂದು ಭಾನುವಾರ ಊಟ ಮಾಡುತ್ತ ವಿವರಿಸಿದರು. "ಸೈಕಲ್ಲನ್ನ ಜೋರಾಗಿ ತುಳಿದ್ರೆ ಸುಸ್ತು ಜಾಸ್ತಿ, ನಿಧಾನಕ್ಕೆ ತುಳಿದ್ರೆ ಕಮ್ಮಿ. ಊರು ಅದೇ, ದೂರ ಅದೇ. ಕಂಪ್ಯೂಟರೂ ಹಾಗೇ. ಜೋರಾಗಿ ಓಡಬೇಕು ಅಂದ್ರೆ ವೋಲ್ಟೇಜು ಜಾಸ್ತಿ ಕೊಡಬೇಕು. ನಿಧಾನಕ್ಕೆ ಸಾಕು ಅಂದ್ರೆ ವೋಲ್ಟೇಜು ಇಳಿಸಬಹುದು. ಹೆಚ್ಚೂಕಮ್ಮಿ ಎರಡರಷ್ಟು ಹೊತ್ತು ಹಿಡಿಯುತ್ತೆ, ಆದ್ರೆ ಅದೇ ಕೆಲಸಕ್ಕೆ ಅರ್ಧ ಕರೆಂಟು ಸಾಕು. ಸಂಜೆ ಆರಕ್ಕೆ ಬೇಕಾದ ಚಿತ್ರಾನ ಮೂರಕ್ಕೇ ಮುಗಿಸಿ ಮಷಿನ್ನು ಯಾರ ಹತ್ರ ಶಭಾಷ್ ಅನ್ನಿಸ್ಕೋಬೇಕು? ಆರಕ್ಕೇ ಮುಗಿಸಲಿ."

"ಅಂದ್ರೆ ನಿಮ್ಮ ಮಷಿನ್‌ಗಳೆಲ್ಲ ನಿಮ್ಮ ಹಾಗೆ ಮದುವೆಗೆ ಬರ್ತವೆ ಅನ್ನಿ," ಅಂದಳು ಅಕ್ಕ. ಭಾವ ನಕ್ಕರು. ಅವರು ನಗುವುದು ಅಪರೂಪ, ನಕ್ಕರೆ ಭುಜ ಮಾತ್ರ ಅಲ್ಲಾಡುತ್ತಿತ್ತು.

ಬಂದ ಚಿತ್ರಗಳನ್ನು ಅವರು ಮೂರು ಪಾಲು ಮಾಡಿದ್ದರು. ಬುಟ್ಟಿ ಅಂತ ಕರೆಯುತ್ತಿದ್ದರು. ಮೊದಲನೇ ಬುಟ್ಟಿ ತುರ್ತಿನವರದು, ಹತ್ತು ನಿಮಿಷದ ಗಡುವು. ಎರಡನೆಯದು ಕಾಯಿಲೆ ಅಂತ ಬಂದವರದು, ಅವತ್ತು ಸಂಜೆಯೊಳಗೆ ಆಗಬೇಕು. ಮೂರನೆಯದು ಏನೂ ತೊಂದರೆಯಿಲ್ಲದೆ ಸುಮ್ಮನೆ ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರದು. ಅದಕ್ಕೆ ಗಡುವಿಲ್ಲ. ಮೊದಲೆರಡು ಬುಟ್ಟಿ ಖಾಲಿಯಾದಾಗ ಅದನ್ನು ಕೈಗೆತ್ತಿಕೊಳ್ಳುವುದು. ಸಾಮಾನ್ಯವಾಗಿ ಮೂರೋ ನಾಲ್ಕೋ ದಿನದಲ್ಲಿ ಅದೂ ಮುಗಿದುಹೋಗುತ್ತಿತ್ತು. ಪ್ರತಿ ತಿಂಗಳೂ ಭಾವ ಒಂದು ಹಾಳೆಯ ವರದಿ ಬರೆದು ಮೇಲೆ ಕಳಿಸುತ್ತಿದ್ದರು. ಉಳಿಸಿದ ವಿದ್ಯುತ್ತು ಇಷ್ಟು, ತಪ್ಪಿದ ಗಡುವು ಸೊನ್ನೆ. ಐದು ವರ್ಷ ಆ ಸೊನ್ನೆ ಸೊನ್ನೆಯಾಗಿಯೇ ಇತ್ತು. ಸೂಪರಿಂಟೆಂಡೆಂಟರು ಅದನ್ನು ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿಕೊಂಡಿದ್ದರು.

ಶಾಲೆಯವರು ವರ್ಷಕ್ಕೊಂದು ಸಲ ಎಲ್ಲ ಟೀಚರುಗಳನ್ನೂ ತಪಾಸಣೆಗೆ ಕಳಿಸುತ್ತಾರೆ. ಕಳೆದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅಕ್ಕನ ಸರದಿ ಬಂತು. ಅವತ್ತು ಭಾವನೇ ಜೊತೆಗಿದ್ದರು. ಅವಳು ತೂಕ ನೋಡಿಸಿಕೊಳ್ಳಲು ಒಳಗೆ ಹೋದಾಗ ಕೌಂಟರಿನಲ್ಲಿ ನಿಂತು ಅವಳ ಫಾರಂ ತುಂಬಿಕೊಟ್ಟವರೂ ಅವರೇ. ಎದೆಯ ಚಿತ್ರ ತೆಗೆದರು. ಒಂದು ವಾರವಾಯಿತು, ಎರಡು ವಾರವಾಯಿತು, ವರದಿಯ ಪತ್ತೆಯಿಲ್ಲ.

ಆ ಹೊತ್ತಿಗೆ ಅಕ್ಕನಿಗೆ ಕೆಮ್ಮು ಇತ್ತು. ಒಣ ಕೆಮ್ಮು. ಮೈದಾನದ ಧೂಳು ಅಂತ ಅವಳೇ ಹೇಳುತ್ತಿದ್ದಳು. ನನ್ನ ಅಂಗಡಿಗೆ ಬಂದರೆ ಆವಿಗೆ ಇನ್ನೂ ಜಾಸ್ತಿಯಾಗುತ್ತಿತ್ತು. ಒಂದು ದಿನ ನನ್ನೆದುರಿಗೇ ಭಾವನನ್ನು ಕೇಳಿದಳು, "ಏನ್ರೀ ಗಡುವಪ್ಪ, ನನ್ನ ಚೀಟಿ ಬಂತೇನ್ರೀ?"

"ಸರದಿ ಬಂದಾಗ ಬರುತ್ತೆ ಕಣೇ."

"ಸ್ವಲ್ಪ ಇಣುಕಿ ನೋಡಬಾರದಾ? ನಿಮ್ಮ ಕೋಣೇಲೇ ಇರೋದಲ್ವಾ?"

"ಹಾಗೆಲ್ಲ ನೋಡೋ ಹಾಗಿಲ್ಲ. ಇವತ್ತು ಹೆಂಡತೀದು ನೋಡಿದ್ರೆ ನಾಳೆ ಅಕೌಂಟೆಂಟು ಭಾಮೈದಂದು ನೋಡು ಅಂತಾನೆ. ಏನಾದ್ರೂ ಇದ್ದಿದ್ರೆ ಅವರೇ ಫೋನ್ ಮಾಡ್ತಿದ್ರು ಬಿಡು."

ನನಗೂ ಅದು ಸರಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಫೋನ್ ಬಂದಿಲ್ಲ ಅಂದರೆ ಚೆನ್ನಾಗಿದ್ದೇವೆ ಅಂತ ಅರ್ಥ ಅಂದುಕೊಂಡು ನಾವು ಮೂವರೂ ಕಾಫಿ ಕುಡಿದೆವು. ಆಮೇಲೆ ಇನ್ನೆರಡು ಸಲ ಕೇಳಿದಳಂತೆ. ಎರಡು ಸಲವೂ ಅದೇ ಉತ್ತರ.

ಬೇಸಿಗೆ ಕಾಲಿಟ್ಟು ಎರಡೂವರೆ ತಿಂಗಳಾಗಿತ್ತು. ಬೆಳಗ್ಗೆ ಹತ್ತು ಗಂಟೆಗೆ ಶಾಲೆಯಿಂದ ನನಗೆ ಫೋನ್ ಬಂತು. ರಜೆಯ ಶಿಬಿರದಲ್ಲಿ ಓಟದ ಅಭ್ಯಾಸ ಮಾಡಿಸುತ್ತಿದ್ದ ಅಕ್ಕ ಸೀಟಿ ಊದಲು ಬಾಯಿಗಿಟ್ಟುಕೊಂಡಿದ್ದಾಳೆ, ಉಸಿರು ಬಂದಿಲ್ಲ. ಸಾಲಾಗಿ ಬಗ್ಗಿ ನಿಂತಿದ್ದ ಮಕ್ಕಳು ಟೀಚರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕಿದ್ದಾರೆ. ಅವಳು ಮೈದಾನದಲ್ಲೇ ಕುಸಿದು ಕೂತಿದ್ದಾಳೆ. ನಾನು ಅಂಗಡಿ ಬಾಗಿಲನ್ನು ಎಳೆದುಕೊಂಡು ಓಡಿದೆ. ಬಾಡಿಗೆ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಭಾವನಿಗೆ ಫೋನ್ ಮಾಡಿದರೆ ಹತ್ತಲಿಲ್ಲ, ನೆಲಮಾಳಿಗೆಯಲ್ಲಿ ಸಿಗ್ನಲ್ ಇರುವುದಿಲ್ಲ.

ತುರ್ತಿನವರು ಎದೆಯ ಚಿತ್ರ ತೆಗೆದರು. ನಾಲ್ಕೇ ನಿಮಿಷದಲ್ಲಿ ಅದು ಎದೆ ಡಾಕ್ಟರಮ್ಮನ ಮೇಜಿನ ಪರದೆಯ ಮೇಲೆ ಬಂತು. ನಾನು ಅಕ್ಕನ ಪಕ್ಕದಲ್ಲೇ ನಿಂತಿದ್ದೆ. ಚಿತ್ರದಲ್ಲಿ ಒಂದಲ್ಲ, ಎಷ್ಟೋ ಕೆಂಪು ಗುರುತು. ಡಾಕ್ಟರಮ್ಮ ಹಿಂದೆ ಯಾವಾಗಲಾದರೂ ಎದೆಯ ಚಿತ್ರ ತೆಗೆಸಿದ್ದಿರಾ ಅಂತ ಕೇಳಿದರು. ತಪಾಸಣೆಯ ಚಿತ್ರ ಇದೆ, ವರದಿ ಬಂದಿಲ್ಲ ಅಂದಳು ಅಕ್ಕ. ಡಾಕ್ಟರಮ್ಮ ಮೇಜಿನ ಮೇಲಿನ ಫೋನ್ ಎತ್ತಿ ಮಷಿನ್ ರೂಮಿಗೆ ಮಾಡಿದರು. ಕೈಯಲ್ಲಿ ಕಾಗದ ಇದ್ದುದರಿಂದ ಸ್ಪೀಕರಿಗೆ ಹಾಕಿದರು.

"ಒಂದು ಹಳೇ ಚಿತ್ರ ಬೇಕಿತ್ತು," ಅಂತ ಫಾರಂ ನಂಬರು ಓದಿದರು.

"ಒಂದು ನಿಮಿಷ ಮೇಡಂ." ಭಾವನ ದನಿ. ಕೀಲಿಗಳ ಟಪಟಪ. "ಅದು ಮೂರನೇ ಬುಟ್ಟೀಲಿದೆ ಮೇಡಂ. ಇನ್ನೂ ತೆರೆದಿಲ್ಲ."

"ತೆರೆದಿಲ್ಲ ಅಂದ್ರೆ? ಎಷ್ಟು ದಿನದಿಂದ ಇದೆ ಅಲ್ಲಿ?"

"ಎಂಬತ್ತೊಂದು ದಿನ." ಲೆಕ್ಕ ಒಪ್ಪಿಸುವ ದನಿಯಲ್ಲೇ ಸೇರಿಸಿದರು, "ಅದಕ್ಕೆ ಗಡುವಿಲ್ಲ ಮೇಡಂ."

ಅಕ್ಕ ಕಣ್ಣು ಮುಚ್ಚಿಕೊಂಡಳು. ನನ್ನ ಬಾಯಿಂದ "ಭಾವಾ" ಅಂತ ಬಂದುಬಿಟ್ಟಿತು. ಆ ಕಡೆ ಮತ್ತೆ ಕೀಲಿಗಳ ಟಪಟಪ. ಅವರು ಆಗ ಹೆಸರು ನೋಡಿರಬೇಕು. ಆ ಕೋಣೆಯಲ್ಲಿ ಅವರ ಕಣ್ಣಿಗೆ ಬೀಳುತ್ತಿದ್ದುದು ಬರೀ ನಂಬರುಗಳು, ಹೆಸರು ಬೇಕು ಅಂದರೆ ಇನ್ನೊಂದು ಪುಟ ತೆಗೆಯಬೇಕಂತೆ. ಡಾಕ್ಟರಮ್ಮ ನಮ್ಮಿಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಫೋನ್ ಇಟ್ಟರು.

ಹಳೆಯ ಚಿತ್ರವನ್ನು ಅಲ್ಲೇ ತೆರೆಸಿದರು. ಎಂಬತ್ತೊಂದು ದಿನದ ಹಿಂದೆ ಅಲ್ಲಿ ಇದ್ದದ್ದು ಒಂದೇ ಗುರುತು, ಬಟಾಣಿ ಕಾಳಿನಷ್ಟು. ಆಮೇಲೆ ವರಾಂಡದಲ್ಲಿ ನನ್ನನ್ನೂ ಮೇಲೆ ಬಂದಿದ್ದ ಭಾವನನ್ನೂ ನಿಲ್ಲಿಸಿಕೊಂಡು ಡಾಕ್ಟರಮ್ಮ ಹೇಳಿದರು, "ಇದು ಬೇಗ ಹಬ್ಬೋ ಜಾತಿ ಕ್ಯಾನ್ಸರು. ಅವಾಗಲೇ ಸಿಕ್ಕಿದ್ರೆ ಏನಾದ್ರೂ ಮಾಡಬಹುದಿತ್ತು. ಗುಣ ಆಗೇ ಆಗ್ತಿತ್ತು ಅಂತ ನಾನು ಹೇಳಲ್ಲ. ಆದ್ರೆ ಮಾಡೋಕೆ ಕೆಲಸ ಇರ್ತಿತ್ತು. ಈಗ ನೋವು ಕಮ್ಮಿ ಮಾಡೋದು ಬಿಟ್ಟು ನನ್ನ ಕೈಲಿ ಏನೂ ಇಲ್ಲ." ಭಾವ ಕೈ ಕಟ್ಟಿಕೊಂಡು ಕೇಳಿಸಿಕೊಂಡರು. ಎಷ್ಟು ದಿನ ಅಂತ ಕೇಳಿದರು. ಮೂರು ತಿಂಗಳು ಇರಬಹುದು ಅಂದರು ಅವರು.

ಏನಾಗಿತ್ತು ಅನ್ನುವುದನ್ನು ನಾನು ಆಮೇಲೆ ಅವರ ಬಾಯಿಂದಲೇ ಬಿಡಿಸಿ ಬಿಡಿಸಿ ಕೇಳಿದೆ. ಆ ಬೇಸಿಗೆ ಜೋರಾಗಿತ್ತು. ಸೂಪರಿಂಟೆಂಡೆಂಟರು ಮಷಿನ್ ರೂಮಿನ ಮಿತಿಯನ್ನು ಇನ್ನೂ ಕೆಳಗಿಳಿಸಿದ್ದರು. ಭಾವ ಅದಕ್ಕೆ ತಕ್ಕ ಹಾಗೆ ವೋಲ್ಟೇಜು ಇನ್ನೂ ಇಳಿಸಿದ್ದರು. ಎರಡನೇ ಬುಟ್ಟಿಯ ಕೆಲಸಗಳು ಸಂಜೆಯವರೆಗಿನ ಪೂರ್ತಿ ಹೊತ್ತನ್ನೂ ಬಳಸಿಕೊಂಡು, ಸರಿಯಾಗಿ ಗಡುವಿಗೇ ಮುಗಿಯತೊಡಗಿದವು. ಮೊದಲು ಎಷ್ಟು ನಿಧಾನ ಮಾಡಿದರೂ ಅವು ಗಡುವಿಗೆ ಸ್ವಲ್ಪ ಮುಂಚೆಯೇ ಮುಗಿದು ಉಳಿಯುತ್ತಿದ್ದ ಬಿಡುವೇ ಮೂರನೇ ಬುಟ್ಟಿಯ ಜೀವ. ಆ ಬಿಡುವನ್ನೆಲ್ಲ ಅವರ ಜಾಣತನವೇ ನುಂಗಿಹಾಕಿತ್ತು. ಮೂರನೇ ಬುಟ್ಟಿ ನಿಂತಲ್ಲೇ ನಿಂತುಬಿಟ್ಟಿತ್ತು. ಅಕ್ಕನದೊಂದೇ ಅಲ್ಲ, ಆರುನೂರ ನಲವತ್ತು ಜನರ ಚಿತ್ರ ಅಲ್ಲಿ ಕೊಳೆಯುತ್ತಿತ್ತು. ಆ ಎರಡೂವರೆ ತಿಂಗಳ ವರದಿಯಲ್ಲೂ ತಪ್ಪಿದ ಗಡುವು ಸೊನ್ನೆ ಅಂತಲೇ ಇದೆ. ಗಡುವೇ ಇಲ್ಲದ್ದು ತಪ್ಪುವುದಾದರೂ ಹೇಗೆ?

"ನನ್ನ ಅಂಗಡೀಲೂ ಹೀಗೇ ಭಾವ," ಅಂದೆ ನಾನು. ಅವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. "ಮದುವೆ ಬಟ್ಟೆ ಮೊದಲು, ಆಫೀಸಿನವರ ಅಂಗಿ ಆಮೇಲೆ. ಕಿಟಕಿ ಪರದೆಗಳನ್ನ ಮೂಲೇಲಿ ಒಟ್ಟಿರ್ತೀನಿ. ಒಂದು ತಿಂಗಳಾದ ಮೇಲೆ ಆ ಪರದೆಯಮ್ಮ ಬಂದು ಬೀದಿಗೆಲ್ಲ ಕೇಳೋ ಹಾಗೆ ನನ್ನ ಜನ್ಮ ಜಾಲಾಡ್ತಾಳೆ. ಮರ್ಯಾದೆ ಹೋದ ಮೇಲೆ ಮಾಡಿಕೊಡ್ತೀನಿ. ನಿಮ್ಮ ಬುಟ್ಟೀಲಿರೋದಕ್ಕೆ ಬಾಯಿಲ್ಲ. ಬಾಯಿದ್ದೋಳು ಒಬ್ಬಳಿದ್ದಳು. ಮೂರು ಸಲ ಕೇಳಿದ್ಲು."

ನಾನು ಹಾಗೆ ಅನ್ನಬಾರದಿತ್ತು. ಅಂದೆ. ಇನ್ನೊಂದು ಸಲ ಆ ಸಂದರ್ಭ ಬಂದರೂ ಅನ್ನುತ್ತೇನೆ.

ಭಾವ ಸುಮ್ಮನೆ ಕೂರಲಿಲ್ಲ, ಆ ನ್ಯಾಯ ಅವರಿಗೆ ಸಲ್ಲಬೇಕು. ಆ ಆರುನೂರ ಚಿಲ್ಲರೆ ಚಿತ್ರಗಳನ್ನು ಮಿತಿ ಮೀರಿಯೇ ಎರಡು ದಿನದಲ್ಲಿ ಮುಗಿಸಿದರು. ಅದಕ್ಕೆ ನೋಟೀಸು ತಿಂದರು. ಮೂರನೇ ಬುಟ್ಟಿಗೂ ಹದಿನೈದು ದಿನದ ಗಡುವು ಹಾಕಬೇಕು, ಅದಕ್ಕೆ ಬೇಸಿಗೆಯಲ್ಲಿ ಇಷ್ಟು ವಿದ್ಯುತ್ತು ಹೆಚ್ಚು ಬೇಕು ಅಂತ ಅರ್ಜಿ ಬರೆದುಕೊಂಡು ಸೂಪರಿಂಟೆಂಡೆಂಟರ ಮುಂದೆ ಹೋಗಿ ನಿಂತರು. ಅವರು ಗೋಡೆ ಕಡೆ ಕೈ ತೋರಿಸಿದರಂತೆ. "ಐದು ವರ್ಷದಿಂದ ನೀವೇ ಎಲ್ಲಾ ಸರಿ ಇದೆ ಅಂತ ಬರೆದು ಕೊಟ್ಟಿದ್ದೀರಿ. ಈಗ ಸರಿ ಇಲ್ಲ ಅಂತ ನಾನು ಮೇಲಿನವರಿಗೆ ಯಾವ ಬಾಯಲ್ಲಿ ಹೇಳ್ಲಿ? ನಿಮ್ಮ ಮನೆ ಕಷ್ಟ ನನಗೆ ಅರ್ಥ ಆಗುತ್ತೆ. ಬೇಕಾದ್ರೆ ರಜ ತಗೊಳ್ಳಿ."

ಅದೇ ವಾರ ಬೇರೆ ಎರಡು ಆಸ್ಪತ್ರೆಗಳಿಂದ ಆರು ಜನ ಭಾವನ ಪದ್ಧತಿಯನ್ನು ಕಲಿಯಲು ಬಂದರು. ಮೊದಲೇ ಗೊತ್ತಾಗಿದ್ದ ಭೇಟಿ, ತಪ್ಪಿಸುವ ಹಾಗಿರಲಿಲ್ಲ. ಭಾವ ಅವರನ್ನು ಆರು ಸಾಲುಗಳ ನಡುವೆ ಓಡಾಡಿಸಿ, ವೋಲ್ಟೇಜು ಹೇಗೆ ಇಳಿಸುವುದು, ಎಷ್ಟರ ಕೆಳಗೆ ಇಳಿಸಿದರೆ ಲೆಕ್ಕ ತಪ್ಪುತ್ತದೆ ಎಲ್ಲ ಹೇಳಿಕೊಟ್ಟರು. ಕೊನೆಗೆ ಮೂರನೇ ಬುಟ್ಟಿಯ ವಿಷಯ ಬಂದಾಗ, ಇದಕ್ಕೆ ಗಡುವು ಹಾಕದೆ ಇದನ್ನು ಬಳಸಬೇಡಿ, ನನ್ನ ಹೆಂಡತಿಯ ಚಿತ್ರ ಎಂಬತ್ತೊಂದು ದಿನ ಇದರಲ್ಲಿ ಬಿದ್ದಿತ್ತು ಅಂತ ನೇರವಾಗಿ ಹೇಳಿದರು. ಆರು ಜನವೂ ತಲೆ ತಗ್ಗಿಸಿದರಂತೆ. ಒಬ್ಬರು ಅವರ ಕೈ ಹಿಡಿದು ಛೆ ಛೆ ಅಂದರಂತೆ. ಆಮೇಲೆ ಆ ಚೌಕಟ್ಟಿನ ವರದಿಯ ಫೋಟೊ ತೆಗೆದುಕೊಂಡು ಹೋದರು. ಅವರಿಗೂ ಬೇಸಿಗೆ ಇದೆ, ಅವರಿಗೂ ಗೆರೆ ಎಳೆಯುವವರಿದ್ದಾರೆ. ಈಗ ಮೂರೂ ಕಡೆ ಅದೇ ಮೂರು ಬುಟ್ಟಿ ನಡೆಯುತ್ತಿದೆ. ಭಾವನ ಅರ್ಜಿಗೆ, ಪರಿಶೀಲನೆಯಲ್ಲಿದೆ ಅಂತ ಒಂದು ಸಾಲಿನ ಉತ್ತರ ಬಂತು, ಅಷ್ಟೇ.

ಅಕ್ಕ ಮನೆಯಲ್ಲೇ ಇದ್ದಳು. ಹಾಲಿನ ಕಿಟಕಿಯ ಪಕ್ಕ ಮಂಚ ಹಾಕಿದ್ದೆವು. ನಾನು ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಒಂದು ಸಲ, ಮಧ್ಯಾಹ್ನ ಒಂದು ಸಲ ಹೋಗಿ ಬರುತ್ತಿದ್ದೆ. ಭಾವ ರಜ ಹಾಕಿ ಅವಳ ಹತ್ತಿರವೇ ಇರುತ್ತಿದ್ದರು. ಆಶ್ಚರ್ಯ ಅಂದರೆ ಬುಟ್ಟಿಯ ವಿಷಯದಲ್ಲಿ ಅಕ್ಕನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. "ಆರುನೂರು ಜನದ್ದೂ ನಿಂತಿತ್ತಂತೆ. ನಂದೊಂದೇ ಅಲ್ವಲ್ಲ. ಪಾಪ, ಅವರು ಬೇಕೂಂತ ಮಾಡಿದ್ದಾ?" ಅನ್ನುತ್ತಿದ್ದಳು. ಅವರು ಗಂಜಿ ಕುಡಿಸಿದರೆ ಕುಡಿಯುತ್ತಿದ್ದಳು, ನಾನು ಕುಡಿಸಿದರೆ ತಲೆ ತಿರುಗಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು. ಇಷ್ಟಾದರೂ ಉಳಿಯಿತಲ್ಲ, ಹೀಗೇ ಸದ್ದಿಲ್ಲದೆ ಮುಗಿದರೆ ಸಾಕು ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಮೆಟ್ಟಿಲ ಹತ್ತಿರ ಭಾವ ನನ್ನನ್ನು ನಿಲ್ಲಿಸಿದರು.

"ಅವಳಿಗೆ ಗೊತ್ತಿಲ್ಲದ್ದು ಒಂದಿದೆ," ಅಂದರು. "ಆ ದಿನ ಫಾರಂ ತುಂಬಿದ್ದು ನಾನು. ಅದರಲ್ಲಿ ಏನಾದ್ರೂ ತೊಂದರೆ ಇದೆಯಾ ಅಂತ ಒಂದು ಚೌಕ ಇದೆ. ಅದಕ್ಕೆ ಗುರುತು ಹಾಕಿದ್ರೆ ಚಿತ್ರ ಎರಡನೇ ಬುಟ್ಟಿಗೆ ಹೋಗುತ್ತೆ. ಅವತ್ತೇ ಸಂಜೆ ಆಗ್ತಿತ್ತು."

"ಮತ್ತೆ?"

"ಅವಳು ಕೆಮ್ಮು ಅಂತ ಹಿಂದಿನ ವಾರವೇ ಹೇಳಿದ್ಲು. ನನಗೆ ನೆನಪಿತ್ತು. ಪೆನ್ನು ಆ ಚೌಕದ ಮೇಲೇ ಇತ್ತು. ಧೂಳಿನ ಕೆಮ್ಮು ಅಂತ ಅವಳೇ ಹೇಳಿದ್ದಾಳೆ, ಮಷಿನ್ ರೂಮಿನೋನು ಹೆಂಡತೀನ ಮುಂದೆ ತಳ್ಳಿದ ಅಂತ ಆಗಬಾರದು ಅಂತ... ಹಾಕಲಿಲ್ಲ."

ನನಗೆ ಅವರನ್ನು ಹೊಡೆಯಬೇಕು ಅನ್ನಿಸಿತು, ನಿಜವಾಗಿ ಕೈ ಎತ್ತಿ ಹೊಡೆಯಬೇಕು ಅಂತ.

"ಇದನ್ನ ಅವಳಿಗೆ ಹೇಳಬೇಕು," ಅಂದರು.

"ಯಾವ ಪುರುಷಾರ್ಥಕ್ಕೆ?" ನನ್ನ ದನಿ ಏರಿತು, ಮತ್ತೆ ಇಳಿಸಿದೆ. "ಹೇಳಿದ್ರೆ ಅವಳು ಎದ್ದು ಓಡಾಡ್ತಾಳಾ? ನಿಮ್ಮ ಎದೆ ಭಾರ ಇಳಿಸ್ಕೊಳ್ಳೋಕೆ ಅವಳ ಎದೆ ಮೇಲೆ ಹಾಕ್ತೀರಾ? ನಿಮ್ಮ ಮೇಲೆ ಅವಳಿಗಿರೋದು ಒಂದು ನಂಬಿಕೆ. ಅದನ್ನಾದ್ರೂ ಅವಳ ಜೊತೆ ಹೋಗೋಕೆ ಬಿಡಿ ಭಾವ. ಕೈ ಮುಗೀತೀನಿ."

"ಸುಳ್ಳಿನ ನಂಬಿಕೆ ಅದು."

"ಆಗ್ಲಿ! ಸುಳ್ಳಾದ್ರೂ ಸುಖವಾಗಿದ್ದಾಳೆ."

ಅವರು ಆವತ್ತು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ನಾನು ಹೋದಾಗಲೆಲ್ಲ ಮೊದಲು ಅಕ್ಕನ ಮುಖ ನೋಡಿ, ಆಮೇಲೆ ಚಪ್ಪಲಿ ಬಿಡುತ್ತಿದ್ದೆ. ಮೂರು ವಾರ ಕಳೆಯಿತು. ನಾನು ಗೆದ್ದೆ ಅಂದುಕೊಂಡೆ.

ಅವಳ ಮಾತು ತೀರಾ ಕಡಿಮೆಯಾದ ದಿನಗಳಲ್ಲಿ, ಬೆಳಗ್ಗೆ ಎಂಟೂವರೆಗೆ, ಬಿಸಿಲು ಮಂಚದ ಕಾಲಿನ ತನಕ ಬಂದಿದ್ದಾಗ ಭಾವ ಹೇಳಿಬಿಟ್ಟರು. ನಾನು ಅವಳ ಬೆನ್ನಿಗೆ ದಿಂಬು ಒತ್ತಾಗಿ ಇಡುತ್ತಿದ್ದೆ. ಕೈಸನ್ನೆ ಮಾಡಿದೆ, ತಲೆಯಾಡಿಸಿದೆ, ಅವರು ನನ್ನ ಕಡೆ ನೋಡಲೇ ಇಲ್ಲ. ಚೌಕ, ಪೆನ್ನು, ಎರಡನೇ ಬುಟ್ಟಿ, ಅವತ್ತು ಸಂಜೆ. ಒಂದನ್ನೂ ಬಿಡದೆ, ಸಾವಕಾಶವಾಗಿ, ವರದಿ ಓದಿದ ಹಾಗೆ ಹೇಳಿ ಮುಗಿಸಿದರು. ಕ್ಷಮಿಸು ಅಂತ ಕೇಳಲಿಲ್ಲ. ಕೇಳುವ ಅರ್ಹತೆ ಇಲ್ಲ ಅಂದುಕೊಂಡರೋ ಏನೋ.

ಅಕ್ಕ ಉಸಿರು ಕೂಡಿಸಿಕೊಂಡು ಕೇಳಿದಳು.

"ಬೇರೆ ಯಾರಾದ್ರೂ ಕೆಮ್ಮು ಅಂತ ಹೇಳಿದ್ರೆ... ಹಾಕ್ತಿದ್ರಾ?"

ಸುಳ್ಳು ಹೇಳಿ ಭಾವ, ಇದೊಂದು ಸಲ ಹೇಳಿ ಅಂತ ನನ್ನ ಮೈಯೆಲ್ಲ ಕೂಗುತ್ತಿತ್ತು.

"ಹಾಕ್ತಿದ್ದೆ," ಅಂದರು.

"ಬೀದೀಲಿ ಹೋಗೋಳಿಗೂ?"

"ಯಾರಿಗಾದ್ರೂ ಹಾಕ್ತಿದ್ದೆ."

"ಹಾಗಾದ್ರೆ ನಾನು ನಿಮಗೆ ಯಾರೂ ಆಗಿರಬಾರದಿತ್ತು," ಅಂದಳು ಅಕ್ಕ. ಸಿಟ್ಟಿನಿಂದ ಅಲ್ಲ. ಹೌದಲ್ಲವಾ ಅಂತ ತನಗೆ ತಾನೇ ಹೇಳಿಕೊಂಡ ಹಾಗೆ.

ಭಾವ ಗಂಜಿಯ ಬಟ್ಟಲು ತಂದರು. ಚಮಚ ತುಟಿಯ ಹತ್ತಿರ ಹಿಡಿದರು. ಅವಳು ತುಟಿ ಬಿಚ್ಚಲಿಲ್ಲ. ಅವರು ಹಿಡಿದೇ ಇದ್ದರು, ಗಂಜಿ ತಣ್ಣಗಾಗುವ ತನಕ. ಆಮೇಲೆ ನಾನೇ ಅವರ ಕೈಯಿಂದ ಬಟ್ಟಲು ತೆಗೆದುಕೊಂಡೆ. ನಾನು ಕುಡಿಸಿದಾಗ ನಾಲ್ಕು ಚಮಚ ಕುಡಿದಳು.

ಅದಾದ ಮೇಲೆ ಅಕ್ಕ ಹನ್ನೊಂದು ದಿನ ಇದ್ದಳು. ಹನ್ನೊಂದು ದಿನವೂ ಭಾವ ಮಂಚದ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಅವರನ್ನು ಅವಳು ಬೈಯಲಿಲ್ಲ, ದೂರ ಹೋಗಿ ಅನ್ನಲಿಲ್ಲ. ಆದರೆ ಏನನ್ನೂ ಕೇಳಲಿಲ್ಲ. ನೀರಿನ ಲೋಟ ಅವರ ಕೈಗೆ ಎಟಕುವ ಹಾಗೆಯೇ ಇರುತ್ತಿತ್ತು. ನಾನು ಅಂಗಡಿಯಿಂದ ಬರುವ ತನಕ ಅವಳು ಬಾಯಾರಿಕೊಂಡು ಕಾಯುತ್ತಿದ್ದಳು.